ಹೊಸ ಮಾಲಿಕ್ಯೂಲ್ ಆಮೇಲೆ, ಮೊದ್ಲು ಆಲ್ಕೇನ್ ಗೆರೆ ತೋರ್ಸಿ

ನಮ್ ಲ್ಯಾಬ್‌ಗೆ ಹೊಸದಾಗಿ ಸೇರೋ ಎಲ್ರಿಗೂ ಒಂದೇ ಅವಸರ, ಕೆಮಿಸ್ಟ್ರಿಯವ್ರು ಮಾಡ್ಕೊಟ್ಟ ಹೊಸ ಮಾಲಿಕ್ಯೂಲ್‌ನ ಚಿನ್ನದ ಮೇಲೆ ಕೂರ್ಸಿ ಕರೆಂಟ್ ಅಳೀಬೇಕು. "ಮೇಡಂ, ಉದ್ದಕ್ಕೂ ಡಬಲ್ ಬಾಂಡ್ ಇದೆ, ಕರೆಂಟ್ ಜಾಸ್ತಿ ಬರ್ಲೇಬೇಕು" ಅಂತಾರೆ. ಬರಬಹುದು. ಆದ್ರೆ ಮೊದ್ಲು ಆಲ್ಕೇನ್ ಥಯಾಲ್ (ಬರೀ ಸಿಂಗಲ್ ಬಾಂಡ್‌ನ ಕಾರ್ಬನ್ ಚೈನ್, ತುದಿಗೆ ಗಂಧಕ) ಬೇರೆ ಬೇರೆ ಉದ್ದದ್ದು ಸೀರೀಸ್ ಆಗಿ ಅಳೆದು ಗೆರೆ ಹಾಕಿ ತೋರ್ಸಪ್ಪ, ಆಮೇಲೆ ಮಾತಾಡೋಣ ಅಂತೀನಿ. ಒಳಗೊಳಗೇ ಬೈಕೋತಾರೆ, ಗೊತ್ತು.

ಈ ಕೆಲಸ ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಎಥನಾಲ್‌ನಲ್ಲಿ ಥಯಾಲ್ ಕರಗ್ಸಿ, ಅದೂ ತುಂಬ ತೆಳು, ಒಂದು ಮಿಲಿಮೋಲಾರ್ ಅಷ್ಟೇ, ಅದ್ರಲ್ಲಿ ಚಿನ್ನದ ಪೀಸ್‌ನ ರಾತ್ರಿಯಿಡೀ ಮುಳುಗ್ಸಿಟ್ರೆ ಗಂಧಕದ ತುದಿ ಚಿನ್ನಾನ ಕಚ್ಕೊಂಡು ಕೂತ್ಕೊಳತ್ತೆ, ಕಾರ್ಬನ್ ಬಾಲ ಮೇಲಕ್ಕೆ. ಒಂದರ ಪಕ್ಕ ಒಂದು, ಅರ್ಧ ನ್ಯಾನೋಮೀಟರ್ ಅಂತರದಲ್ಲಿ, ಗಾಳಿಗೆ ಒಂದೇ ಕಡೆ ವಾಲಿದ ಭತ್ತದ ಪೈರಿನ ಥರ ಸುಮಾರು 30 ಡಿಗ್ರಿ ಓರೆಯಾಗಿ ನಿಲ್ಲತ್ತೆ. ಯಾರೂ ಜೋಡಿಸ್ಬೇಕಾಗಿಲ್ಲ, ತಾನೇ ಜೋಡಿಸ್ಕೊಳತ್ತೆ. ಒಂದೇ ಮಾಲಿಕ್ಯೂಲ್ ದಪ್ಪದ ಈ ಪದರಕ್ಕೇ ಮೊನೊಲೇಯರ್ ಅನ್ನೋದು. (ವಾಸನೆ ಬಗ್ಗೆ ಕೇಳ್ಬೇಡಿ. ಅಡುಗೆ ಗ್ಯಾಸ್ ಲೀಕ್ ಆದ್ರೆ ಗೊತ್ತಾಗ್ಲಿ ಅಂತ ಸೇರಿಸ್ತಾರಲ್ಲ, ಅದೂ ಇದೇ ಥಯಾಲ್ ಮನೆತನದ್ದೇ.)

ಈಗ ಕರೆಂಟ್ ವಿಷ್ಯ. ಆಲ್ಕೇನ್ ಚೈನ್‌ನಲ್ಲಿ ಎಲೆಕ್ಟ್ರಾನ್‌ಗೆ ನಡ್ಕೊಂಡು ಹೋಗೋಕೆ ದಾರಿನೇ ಇಲ್ಲ, ಅದು ಟನಲಿಂಗ್ ಮಾಡಿ, ಅಂದ್ರೆ ತಡೆಗೋಡೆ ಹತ್ತದೇ ಅದ್ರೊಳಗಿಂದ್ಲೇ ತೂರಿ ದಾಟ್ಬೇಕು, ಹಾಗಾಗಿ ಒಂದೊಂದು ಕಾರ್ಬನ್ ಜಾಸ್ತಿ ಆದ ಹಾಗೂ ಕರೆಂಟ್ ಸುಮಾರು 2.7 ಪಟ್ಟು ಬೀಳತ್ತೆ. ಹತ್ತು ಕಾರ್ಬನ್‌ನಿಂದ ಹದಿನೆಂಟಕ್ಕೆ ಹೋದ್ರೆ ಚೈನ್ ಉದ್ದ ಆಗೋದು ಬರೀ 1 ನ್ಯಾನೋಮೀಟರ್, ಕರೆಂಟ್ ಮಾತ್ರ ಸುಮಾರು 3000 ಪಟ್ಟು ಕಮ್ಮಿ! ಲಾಗ್ ಸ್ಕೇಲ್‌ನಲ್ಲಿ ಹಾಕಿದ್ರೆ ನೆಟ್ಟಗೆ ಒಂದು ಗೆರೆ. ಚೈನ್ ಬದ್ಲು ಬೆಂಜೀನ್ ರಿಂಗ್‌ಗಳ ಸಾಲು ಇದ್ರೆ ತಡೆಗೋಡೆ ತಗ್ಗತ್ತೆ. ಒಂದು ರಿಂಗ್ ಸೇರಿಸಿದ್ರೆ ಕರೆಂಟ್ ಬೀಳೋದು ಐದಾರು ಪಟ್ಟು, ಅಷ್ಟೇ ಉದ್ದದ ಆಲ್ಕೇನ್ ಸೇರಿಸಿದ್ರೆ ಮೂವತ್ತು ಪಟ್ಟು ಬಿದ್ದಿರತ್ತೆ. ಅಂದ್ರೆ ಡಬಲ್ ಬಾಂಡ್ ಬಗ್ಗೆ ಹುಡುಗ್ರು ಹೇಳೋದು ಸುಳ್ಳಲ್ಲ.

ತೊಂದ್ರೆ ಇರೋದು ಪದರದಲ್ಲಿ. ಚಿನ್ನದ ಮೇಲ್ಮೈ ಉಬ್ಬುತಗ್ಗು ಇದ್ರೆ ಅಲ್ಲಲ್ಲಿ ಪೈರು ಮಲಗಿರತ್ತೆ, ಅಲ್ಲಿ ಪದರ ತೆಳು. ಎಲ್ಲೋ ಅರ್ಧ ನ್ಯಾನೋಮೀಟರ್ ತೆಳು ಇದೆ ಅಂದ್ಕೊಳ್ಳಿ, ಮೇಲಿನ ಲೆಕ್ಕದ ಪ್ರಕಾರ ಅಲ್ಲಿ 55 ಪಟ್ಟು ಜಾಸ್ತಿ ಹರಿಯತ್ತೆ. ಅಂಥ ಜಾಗ ನೂರಕ್ಕೆ ಎರಡು ಪಾಲು ಇದ್ರೆ ಸಾಕು, ಉಳಿದ ತೊಂಬತ್ತೆಂಟು ಪಾಲು ಸೇರಿ ಎಷ್ಟು ಕರೆಂಟ್ ಬಿಡತ್ತೋ ಅದಕ್ಕಿಂತ ಜಾಸ್ತಿ ಆ ಎರಡೇ ಪಾಲಲ್ಲಿ ಹೋಗತ್ತೆ. ಆಗ ನೀವು ಅಳೀತಿರೋದು ಮಾಲಿಕ್ಯೂಲ್‌ನಲ್ಲ, ಗುಂಡೀನ. ಅದಕ್ಕೇ ಆ ಆಲ್ಕೇನ್ ಗೆರೆ ಬೇಕು ಅನ್ನೋದು. ಗೆರೆಯ ಇಳಿಜಾರು ನ್ಯಾಚುರಲ್ ಲಾಗ್‌ನಲ್ಲಿ ಕಾರ್ಬನ್‌ಗೆ 1ರ ಹತ್ರ (ಅಂದ್ರೆ ಆ 2.7 ಪಟ್ಟು) ಬಂದ್ರೆ ನಿಮ್ಮ ಚಿನ್ನ, ನಿಮ್ಮ ಕೈ ಎರಡೂ ಸರಿಯಾಗಿದೆ. 0.6 ಬಂತಾ, ಹೊಸ ಮಾಲಿಕ್ಯೂಲ್ ಫ್ರಿಜ್‌ನಲ್ಲೇ ಇರ್ಲಿ.

ಕೆಳಗಡೆ ಚಿನ್ನ ಇದೆ, ಪದರದ ಮೇಲ್ಗಡೆ ತಾಗ್ಸೋ ಕಾಂಟ್ಯಾಕ್ಟ್‌ಗೆ ನಾವು ಬಳಸೋದು ಗ್ಯಾಲಿಯಂ-ಇಂಡಿಯಂ, 15.5 ಡಿಗ್ರಿಗೇ ಕರಗೋ ಲೋಹ, ರೂಮಲ್ಲಿ ದ್ರವವಾಗೇ ಇರತ್ತೆ. ಸಿರಿಂಜ್ ತುದಿಯಲ್ಲಿ ಒಂದು ಹನಿ ತಂದು, ಬೇರೆ ಲೋಹದ ಮೇಲೆ ತಾಗ್ಸಿ ನಿಧಾನ ಮೇಲೆತ್ತಿದ್ರೆ ಮಧ್ಯ ಸಣ್ಣಗಾಗ್ತಾ ಆಗ್ತಾ ಪಟ್ಟಂತ ಕಡಿದು ಮೇಲೆ ಚೂಪಾದ ಮೊನೆ ಉಳ್ಕೊಳತ್ತೆ. ಬೇರೆ ದ್ರವ ಆಗಿದ್ರೆ ಮತ್ತೆ ದುಂಡಗಾಗಿಬಿಡ್ತಿತ್ತು, ಇದ್ರ ಮೇಲೆ ಗಾಳಿ ತಾಗಿ ಆಕ್ಸೈಡ್ ಸಿಪ್ಪೆ ಕಟ್ಟಿರತ್ತಲ್ಲ, ಅದು ಆಕಾರ ಹಿಡ್ಕೊಳತ್ತೆ. ಮೊನೆಯಲ್ಲಿ ಮೀಸೆ ಥರ ಎಳೆ ಎದ್ದಿದ್ರೆ ಎಸೆದು ಇನ್ನೊಂದು ಮಾಡ್ಕೊಳ್ಳಿ, ಜಿಪುಣತನ ಬೇಡ. ಬಂದ ನಂಬರ್‌ಗಳನ್ನ ಹಾಗೇ ಕೂಡಿ ಸರಾಸರಿ ತೆಗೀಬೇಡಿ, ಲಾಗ್ ತಗೊಂಡು ತೆಗೀರಿ, ಇಲ್ಲಾಂದ್ರೆ ನಾಲ್ಕು ಶಾರ್ಟ್ ಆದ ಜಂಕ್ಷನ್ (ಚಿನ್ನ, ಪದರ, ಮೊನೆ ಸೇರಿದ ಜೋಡಣೆ) ಸೇರಿ ಇಡೀ ದಿನದ ಡೇಟಾನ ನುಂಗತ್ತೆ.

ಇಷ್ಟೆಲ್ಲಾ ಪಾಡು ಪಟ್ಟಮೇಲೆ ಸಿಗೋ ಮಜಾನೇ ಬೇರೆ. ನಂಗೆ ಇವತ್ತಿಗೂ ಇಷ್ಟವಾದ ಉದಾಹರಣೆ ಆಂತ್ರಸೀನ್ ಮತ್ತು ಆಂತ್ರಕ್ವಿನೋನ್. ಎರಡ್ರಲ್ಲೂ ಅವೇ ಮೂರು ರಿಂಗ್, ಉದ್ದ ಒಂದೇ, ವ್ಯತ್ಯಾಸ ಅಂದ್ರೆ ನಡುವಿನ ರಿಂಗ್‌ಗೆ ಅಕ್ಕಪಕ್ಕ ಅಂಟಿರೋ ಎರಡು ಆಕ್ಸಿಜನ್. ಅವು ಬಂದ್ರೆ ಡಬಲ್ ಬಾಂಡ್‌ಗಳ ಸಾಲು ಈ ತುದಿಯಿಂದ ಆ ತುದಿಗೆ ನೇರ ಹರಿಯಲ್ಲ, ಎಲೆಕ್ಟ್ರಾನ್ ಅಲೆಗಳು ಒಂದನ್ನೊಂದು ಹೊಡೆದುಹಾಕ್ತವೆ. ಮೊನೊಲೇಯರ್‌ನಲ್ಲೇ ಇದನ್ನ ಅಳೆದು 2012ರಲ್ಲಿ ನೆದರ್ಲೆಂಡ್ಸ್ ಗುಂಪೊಂದು ಪ್ರಕಟ ಮಾಡ್ತು, ಕ್ವಿನೋನ್ ಕಡೆ ಕರೆಂಟ್ ಸುಮಾರು ನೂರು ಪಟ್ಟು ಕಮ್ಮಿ. ಬರೀ ಡಬಲ್ ಬಾಂಡ್ ಎಣಿಸ್ಕೊಂಡು ಕೂತಿದ್ರೆ ಇದು ಹೊಳೀತಾನೇ ಇರ್ಲಿಲ್ಲ.

ಇನ್ನೊಂದು ಕಡೆ ಮಾತ್ರ ಹುಷಾರು. ಎರಡು ಬೆಂಜೀನ್ ರಿಂಗ್ ಮಧ್ಯದ ತಿರುವು ಜಾಸ್ತಿ ಆದ ಹಾಗೆ ಕರೆಂಟ್ ಕೋಸೈನ್ ವರ್ಗದ ಲೆಕ್ಕದಲ್ಲಿ ಬೀಳತ್ತೆ, ಇದನ್ನ ಇದೇ ಕ್ಷೇತ್ರದ ವಿಜ್ಞಾನಿ ಲತಾ ವೆಂಕಟರಾಮನ್ ಅವ್ರ ಗುಂಪು 2006ರಲ್ಲಿ ಒಂದೊಂದೇ ಮಾಲಿಕ್ಯೂಲ್ ಹಿಡಿದು ತೋರಿಸಿದ್ರು. ಅದನ್ನೇ ಪದರದಲ್ಲಿ ಮಾಡೋಣ ಅಂತ ಬರ್ತಾರೆ ನಮ್ ಹುಡುಗ್ರು. ರಿಂಗ್ ತಿರುಚೋಕೆ ಮೀಥೈಲ್ ಗುಂಪು ಹಾಕ್ಬೇಕು, ಹಾಕಿದ್ರೆ ಮಾಲಿಕ್ಯೂಲ್ ದಪ್ಪ ಆಗಿ ಪಕ್ಕದ್ದಕ್ಕೆ ಒತ್ತಿ ಕೂರಲ್ಲ, ಪದರ ಸಡಿಲ, ತೆಳು. ಆಗ ತಿರುವಿಂದ ಕರೆಂಟ್ ಬೀಳತ್ತೆ, ಸಡಿಲ ಆಗಿದ್ದಕ್ಕೆ ಏರತ್ತೆ, ಯಾವ್ದು ಎಷ್ಟು ಅಂತ ಬಿಡಿಸೋದು ಹೇಗೆ? ಎಲಿಪ್ಸೋಮೀಟರ್‌ನಲ್ಲಿ (ಬೆಳಕು ಬಿಟ್ಟು ಅಳೆಯೋ ಉಪಕರಣ) ಪದರದ ದಪ್ಪ, ಎಕ್ಸ್‌ಪಿಎಸ್‌ನಲ್ಲಿ (ಎಕ್ಸ್-ರೇ ಬಿಟ್ಟು ಅಳೆಯೋದು) ಸಾಂದ್ರತೆ, ಎರಡೂ ಅಳೆದು ತರದೇ ತಿರುವಿನ ಮಾತು ಎತ್ತೋರನ್ನ ಗ್ರೂಪ್ ಮೀಟಿಂಗ್‌ನಲ್ಲಿ ನಾನು ವಾಪಸ್ ಕಳಿಸ್ತೀನಿ.