ಹೆಗಲ ಮೇಲಿನ ಟವೆಲ್

ನಮ್ಮ ಶಾಲೆಯ ನಾಟಕದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಯಾರೂ ಯಾರಿಗೂ ಹೊಡೆಯುವಂತಿಲ್ಲ. ಹೊಡೆದ ಹಾಗೆ ನಟಿಸುವಂತೆಯೂ ಇಲ್ಲ. ಗಂಡ ಹೆಂಡತಿ ಜಗಳದ ನಾಟಕಕ್ಕೆ ಇದೆಂಥ ನಿಯಮ ಮೇಡಂ ಅಂತ ಮಕ್ಕಳೇ ಕೇಳಿದರು. ಕಾರಣ ಇಷ್ಟೇ. ವೇದಿಕೆ ಮೇಲೆ ಕಪಾಳಕ್ಕೆ ಏಟು ಬಿದ್ದರೆ ನೋಡುವವರು ನಗುತ್ತಾರೆ, ಹಿಂದಿನಿಂದ ಯಾರೋ ಸಿಳ್ಳೆ ಹಾಕುತ್ತಾರೆ. ಆಮೇಲೆ ಏನು ಹೇಳಿದರೂ ಯಾರ ತಲೆಗೂ ಹೋಗುವುದಿಲ್ಲ. ಏಟು ಹೇಗಿರುತ್ತದೆ ಅಂತ ಮಕ್ಕಳಿಗೆ ನಾನು ಕಲಿಸಬೇಕಾಗಿಯೂ ಇಲ್ಲ. ನನಗೆ ಬೇಕಾದದ್ದು ಅದಕ್ಕೆ ಮುಂಚಿನ ಐದು ನಿಮಿಷ. ಆಗ ಆ ಮನೆಯಲ್ಲಿ ಯಾರ್‍ಯಾರು ಇದ್ದರು, ಏನು ಮಾಡುತ್ತಿದ್ದರು ಅನ್ನುವುದು.

ನಾನು ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಾಟಕದ ಡಿಗ್ರಿ ಇಲ್ಲ. ಆದರೆ ನಮ್ಮ ಕಡೆ ನಾಟಕದ ಗಾಳಿ ತಾಗದೆ ಬೆಳೆಯುವುದೇ ಕಷ್ಟ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ ಹುಟ್ಟಿದ್ದು 1949ರಲ್ಲಿ. 1985ರಿಂದ ಅವರ ನಾಟಕ ತಂಡ ‘ತಿರುಗಾಟ’ ಊರೂರು ಸುತ್ತುತ್ತಿದೆ. ಜೊತೆಗೆ ಬೆಳಗಿನವರೆಗೆ ಯಕ್ಷಗಾನ. ಹಾಗಾಗಿ ಇಲ್ಲಿನವರಿಗೆ ನಾಟಕ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾಟಕ ನಡೆಯುವಾಗಲೇ ಎದ್ದು ಬಂದು ‘ಇದು ಹೀಗಲ್ಲ’ ಅನ್ನುವುದು ಮಾತ್ರ ಹೊಸತು.

ನೋಡುವವರು ಎದ್ದು ಬರುವ ಈ ಪದ್ಧತಿ ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೊ ಬೋಲ್ ಅವರದ್ದು. ಅದಕ್ಕೆ ಫೋರಂ ಥಿಯೇಟರ್ ಅನ್ನುತ್ತಾರೆ. ಅದು ಹುಟ್ಟಿದ ಕತೆಯೇ ಒಂದು ಗಂಡ ಹೆಂಡತಿಯ ಕತೆ. 1973ರಲ್ಲಿ ಬೋಲ್ ಪೆರು ದೇಶದಲ್ಲಿ ಅಕ್ಷರ ಕಲಿಸುವ ಕಾರ್ಯಕ್ರಮವೊಂದರಲ್ಲಿ ಇದ್ದರು. ಓದು ಬಾರದ ಒಬ್ಬ ಹೆಂಗಸು. ಗಂಡ ಮನೆ ಕಟ್ಟಿಸುತ್ತೇನೆ ಅಂತ ಅವಳಿಂದ ದುಡ್ಡು ಇಸಿದುಕೊಂಡು, ರಸೀದಿ ಅಂತ ಕಾಗದ ಕೊಡುತ್ತಿದ್ದ. ಓದಿಸಿ ನೋಡಿದರೆ ಅವು ಇನ್ನೊಬ್ಬಳು ಅವನಿಗೆ ಬರೆದ ಪ್ರೇಮಪತ್ರಗಳು. ಇದನ್ನು ಆಡಿ ತೋರಿಸಿ, ಅವಳು ಈಗ ಏನು ಮಾಡಬೇಕು ಅಂತ ಜನರನ್ನು ಕೇಳಿದರು. ಒಬ್ಬ ಗಟ್ಟಿ ಹೆಂಗಸು ಅವನ ಹತ್ತಿರ ಸ್ಪಷ್ಟವಾಗಿ ಮಾತಾಡಬೇಕು ಅಂದಳು. ನಟರು ಎಷ್ಟು ಸಲ ಆಡಿದರೂ ಅವಳಿಗೆ ಸಮಾಧಾನವಾಗಲಿಲ್ಲ. ಕೊನೆಗೆ ನೀವೇ ಬಂದು ತೋರಿಸಿ ಅಂದರು. ಬಂದವಳೇ ಪೊರಕೆ ಹಿಡಿದು ಗಂಡನ ಪಾತ್ರದವನಿಗೆ ಬಾರಿಸಿದಳು! ಅವಳ ಸ್ಪಷ್ಟ ಮಾತು ಅದು.

ಈ ಕತೆ ಹೇಳಿದಾಗ ಎಂಟನೇ ತರಗತಿಯವರು ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಒಬ್ಬ ಹುಡುಗ ಕೇಳಿದ: ‘ಮೇಡಂ, ಅದೂ ಹೊಡೆದಿದ್ದೇ ಅಲ್ವಾ?’ ನಮ್ಮ ನಿಯಮ ಹುಟ್ಟಿದ್ದು ಅಲ್ಲಿಂದ.

ನಾಟಕದ ಕತೆಯನ್ನು ಮಕ್ಕಳೇ ಕಟ್ಟಿದರು. ತಮ್ಮ ಮನೆಯದನ್ನಾಗಲಿ ಪಕ್ಕದ ಮನೆಯದನ್ನಾಗಲಿ ತರುವ ಹಾಗಿಲ್ಲ ಅಂತ ಮೊದಲೇ ಹೇಳಿದ್ದೆ. ಅಡಿಕೆ ಸುಲಿಯುವ ರಾತ್ರಿ. ಚಪ್ಪರದ ಕೆಳಗೆ ಬಲ್ಬು, ಮೆಟ್ಟುಗತ್ತಿಗಳ ಸಾಲು. ಅಜ್ಜಿ, ಸೊಸೆ, ಪಕ್ಕದ ಮನೆ ಅತ್ತೆ ಸುಲಿಯುತ್ತಾ ಕೂತಿದ್ದಾರೆ. ಗಂಡ ಗೆಳೆಯನ ಜೊತೆ ಪೇಟೆಯಿಂದ ತಡವಾಗಿ ಬರುತ್ತಾನೆ. ಸಾರು ತಣ್ಣಗಾಗಿದೆ. ಸೊಸೆ ಡಬ್ಬದ ಲೆಕ್ಕದಲ್ಲಿ ದುಡಿದ ಸುಲಿತದ ದುಡ್ಡು ಆಗಲೇ ಅವನ ಜೇಬು ಸೇರಿದೆ. ಅವಳು ತವರಿನ ಜಾತ್ರೆಗೆ ಹೋಗಬೇಕು ಅನ್ನುತ್ತಾಳೆ. ಅಲ್ಲಿಗೆ ನಾನು ಚಪ್ಪಾಳೆ ತಟ್ಟುತ್ತೇನೆ, ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಯಾರ ಜಾಗಕ್ಕೆ ಬೇಕಾದರೂ ಯಾರಾದರೂ ಬರಬಹುದು.

ಗಂಡನ ಪಾತ್ರಕ್ಕೆ ವೇಷವಿಲ್ಲ, ಹೆಗಲ ಮೇಲೊಂದು ಟವೆಲ್ ಅಷ್ಟೇ. ಅದು ದಿನಕ್ಕೊಬ್ಬರ ಹೆಗಲಿಗೆ ಹೋಗುತ್ತದೆ. ಒಬ್ಬನೇ ಆಡಿದರೆ ಊರಿನವರು ಆ ಹುಡುಗನಿಗೆ ಅದೇ ಹೆಸರು ಇಟ್ಟುಬಿಡುತ್ತಾರೆ. ಆಟ ಮುಗಿದ ಮೇಲೆ ಟವೆಲ್ ಕೊಡವಿ ಮಡಚಿಟ್ಟು, ತನ್ನ ಹೆಸರು ಹೇಳಿ, ಇವತ್ತು ಬೆಳಿಗ್ಗೆ ಏನು ತಿಂಡಿ ತಿಂದೆ ಅಂತ ಹೇಳಬೇಕು. ಕಡುಬು, ಅಕ್ಕಿರೊಟ್ಟಿ ಅನ್ನುತ್ತಾ ಪಾತ್ರದಿಂದ ಹೊರಗೆ ಬರುತ್ತಾರೆ.

ಮೊದಮೊದಲು ಬಂದವರೆಲ್ಲ ಪೊಲೀಸರು! ಲಾಠಿ ಬೀಸುವ ಆಸೆಗೆ ಹುಡುಗರು ಮುಗಿಬಿದ್ದರು. ಆಮೇಲೆ ಸೊಸೆಯ ಜಾಗಕ್ಕೆ ಬಂದವರು ಉದ್ದುದ್ದ ಭಾಷಣ ಹೊಡೆದರು. ಗಂಡ ಕೇಳಲೇ ಇಲ್ಲ. ಒಂದು ದಿನ ತರಗತಿಯಲ್ಲಿ ಬಾಯೇ ಬಿಡದ ಹುಡುಗಿಯೊಬ್ಬಳು ಟವೆಲ್ ಹಾಕಿಕೊಂಡಳು. ಕೂಗಲಿಲ್ಲ, ಬೈಯಲಿಲ್ಲ. ತಟ್ಟೆ ನೋಡಿ, ಎರಡೇ ಬೆರಳಲ್ಲಿ ಅದನ್ನು ಪಕ್ಕಕ್ಕೆ ಸರಿಸಿದಳು. ಸೊಸೆಯಾಗಿದ್ದವಳ ಕೈ ತಾನಾಗಿ ನಿಂತಿತು. ಎಲ್ಲಿ ನೋಡಿದ್ದು ಅಂತ ನಾನು ಕೇಳಲಿಲ್ಲ. ಎಲ್ಲರ ಎದುರು ಅದನ್ನು ಕೇಳಲೇಬಾರದು. ಧಾರಾವಾಹಿಯಲ್ಲೂ ನೋಡಿರಬಹುದು. ಆಮೇಲೆ ಎಲ್ಲ ಮಕ್ಕಳಿಗೂ ಒಟ್ಟಿಗೆ ಹೇಳಿದೆ, ನನ್ನ ಹತ್ತಿರ ಏನಾದರೂ ಹೇಳಬೇಕಿದ್ದರೆ ಊಟದ ಬಿಡುವಿನಲ್ಲಿ ಲೈಬ್ರರಿಯಲ್ಲಿ ಇರುತ್ತೇನೆ, ಮಕ್ಕಳ ಸಹಾಯವಾಣಿ 1098ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು ಅಂತ. ‘ಯಾರಿಗೂ ಹೇಳಲ್ಲ’ ಅಂತ ಮಾತ್ರ ಮಾತು ಕೊಡುವುದಿಲ್ಲ. ಮಗುವಿಗೆ ಅಪಾಯವಿದ್ದರೆ ಹೇಳಬೇಕಾಗುತ್ತದೆ, ಅದನ್ನೂ ಮೊದಲೇ ತಿಳಿಸುತ್ತೇನೆ.

ಕತೆ ತಿರುಗಿದ್ದು ಅಜ್ಜಿಯಿಂದ. ನಮ್ಮ ನಾಟಕದ ಅಜ್ಜಿಗೆ ಇದ್ದದ್ದು ಒಂದೇ ಮಾತು: ‘ಗಂಡಸ್ರ ಸಿಟ್ಟು, ಸುಮ್ನಿರು ಮಾರಾಯ್ತಿ.’ ಒಬ್ಬ ಸಣ್ಣ ಹುಡುಗ ಅಜ್ಜಿಯ ಜಾಗಕ್ಕೆ ಬಂದು ಕೂತ. ತಲೆ ಎತ್ತದೆ ಅಡಿಕೆ ಸುಲಿಯುತ್ತಲೇ ಅಂದ: ‘ತಮಾ, ಒಲೆ ಅಲ್ಲೇ ಇದೆ. ಸಾರು ಬಿಸಿ ಮಾಡ್ಕೋ. ಅವಳ ದುಡ್ಡು ಅವಳಿಗೆ ಕೊಡು.’ ಟವೆಲ್ ಹಾಕಿದವನಿಗೆ ಮಾತೇ ಹೊರಡಲಿಲ್ಲ. ಅಲ್ಲಿಂದ ಎಲ್ಲರ ಕಣ್ಣು ಸುಮ್ಮನೆ ಕೂತವರ ಮೇಲೆ ಬಿತ್ತು. ಪಕ್ಕದ ಮನೆ ಅತ್ತೆ ಯಾಕೆ ಎದ್ದು ಹೋಗಿ ಟಿವಿ ಸೌಂಡ್ ಜಾಸ್ತಿ ಮಾಡಿದಳು? ಜೊತೆಗೆ ಕುಡಿದು ಬಂದ ಗೆಳೆಯ ಯಾಕೆ ಬಾಗಿಲಲ್ಲೇ ಜಾರಿಕೊಂಡ?

ದುಡ್ಡು ಕಿತ್ತುಕೊಂಡರೆ ಅದು ಹಿಂಸೆಯಾ ಅಂತ ದೊಡ್ಡ ವಾದ ನಡೆಯಿತು. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೌದು ಅನ್ನುತ್ತದೆ. ಏಟು ಮಾತ್ರವಲ್ಲ, ಹೀಯಾಳಿಸುವುದು, ದುಡ್ಡಿಗೆ ಕಟ್ಟಿಹಾಕುವುದು ಎಲ್ಲ ಅದರಲ್ಲಿ ಬರುತ್ತದೆ. ಅದೇ ಕಾಯ್ದೆಯ ಪ್ರಕಾರ ಪಕ್ಕದ ಮನೆಯವರೂ ಸಂರಕ್ಷಣಾಧಿಕಾರಿಗೆ ವಿಷಯ ಮುಟ್ಟಿಸಬಹುದು. ಒಳ್ಳೆ ಮನಸ್ಸಿನಿಂದ ಹೇಳಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ನಾಟಕದ ಅತ್ತೆಗೆ ಈ ಮಾತು ಸಿಕ್ಕಿದ್ದೇ ತಡ, ಅವಳ ಗತ್ತೇ ಬದಲಾಯಿತು. ಟಿವಿ ಆರಿಸಿ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡುವ ದೃಶ್ಯವನ್ನು ಅವಳೇ ಸೇರಿಸಿದಳು.

ಪೋಷಕರ ಸಭೆಯಲ್ಲಿ ಒಬ್ಬರು ಸಿಟ್ಟಾದರು. ‘ಮನೆ ಒಡೆಯೋದು ಕಲಿಸ್ತೀರಾ ಮೇಡಂ? ನಮ್ಮ ಕಡೆ ಹಾಗೆಲ್ಲ ಇಲ್ಲ.’ ನಾನು ಮೊಬೈಲ್ ತೆಗೆದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಓದಿದೆ. 2019-21ರ ಸುತ್ತಿನಲ್ಲಿ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಇದ್ದದ್ದು ಶೇ 20.6. ಕೆಲವು ಕಾರಣಗಳಿಗೆ ಗಂಡ ಹೊಡೆದರೆ ಸರಿ ಅಂದ ಹೆಂಗಸರೇ ಶೇ 77ರಷ್ಟು. ಸಭೆಯಲ್ಲಿದ್ದ ಅಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಅಪ್ಪ ಒಪ್ಪಲಿಲ್ಲ, ಆದರೆ ವಾರ್ಷಿಕೋತ್ಸವಕ್ಕೆ ಬಂದು ಕಡೇವರೆಗೂ ಕೂತಿದ್ದರು.

ಅಷ್ಟಕ್ಕೂ ನನಗೆ ಗಂಡ ಹೆಂಡತಿ ನಾಟಕಕ್ಕಿಂತ ಮಕ್ಕಳ ನಾಟಕವೇ ಜಾಸ್ತಿ ಮುಖ್ಯ. ‘ಅವಳ ಜೊತೆ ಮಾತಾಡಿದ್ರೆ ನಿನ್ ಜೊತೆ ಟೂ’ ಅನ್ನುವುದನ್ನು ನಾವು ಮುದ್ದು ಜಗಳ ಅಂದುಕೊಳ್ಳುತ್ತೇವೆ. ಯಾರ ಜೊತೆ ಕೂರಬೇಕು, ಯಾರ ಜೊತೆ ನಗಬೇಕು ಅಂತ ಇನ್ನೊಬ್ಬರು ತೀರ್ಮಾನಿಸುವುದು ಅಲ್ಲೇ ಅಭ್ಯಾಸವಾಗುತ್ತದೆ. ಈ ವರ್ಷ ಒಂಬತ್ತನೇ ತರಗತಿಯವರು ಮೊಬೈಲ್ ವಿಷಯ ಎತ್ತಿಕೊಂಡಿದ್ದಾರೆ. ‘ಪ್ರೀತಿ ಇದ್ರೆ ಪಾಸ್‌ವರ್ಡ್ ಹೇಳು’ ಅನ್ನುವ ಹುಡುಗ, ಹೇಳಲು ಇಷ್ಟವಿಲ್ಲದ ಹುಡುಗಿ. ಹುಡುಗಿ ‘ಬೇಡ’ ಅಂದ ಮೇಲೆ ಹುಡುಗನ ಮುಂದಿನ ಮಾತು ಏನು ಅಂತ ಇನ್ನೂ ಕೂಡಿಬಂದಿಲ್ಲ. ಸದ್ಯಕ್ಕೆ ಮೂರು ಗುಂಪಾಗಿ ಕಿತ್ತಾಡುತ್ತಿದ್ದಾರೆ. ಒಂದು ಗುಂಪು ಅವನಿಗೆ ‘ಸರಿ, ಬಸ್ ಬಂತು, ನಡಿ’ ಅನ್ನಿಸಬೇಕು ಅಂತ ಹಟ ಹಿಡಿದಿದೆ. ನನ್ನ ವೋಟು ಅದಕ್ಕೇ, ಆದರೆ ಅವರಿಗಿನ್ನೂ ಹೇಳಿಲ್ಲ.