ಬಾರ್ ಬಿಡು!

ಕೈಟ್ ಸರ್ಫಿಂಗ್ ಕಲಿಯುತ್ತಿದ್ದೇನೆ. ಇವತ್ತು ನೀರಲ್ಲಿ ಹತ್ತಾರು ಸಲ ಕಿವಿಗೆ ಬಿದ್ದ ತರಬೇತುದಾರರ ಮಾತು ಒಂದೇ, "ಬಾರ್ ಬಿಡು!"

ಕೈಟ್ ಸರ್ಫಿಂಗ್ ಅಂದರೆ ಬೋರ್ಡ್ ಮೇಲೆ ನಿಂತು, ದೊಡ್ಡ ಗಾಳಿಪಟದ ಎಳೆತಕ್ಕೆ ನೀರಿನ ಮೇಲೆ ಜಾರುವ ಆಟ. ಗಾಳಿಪಟದ ದಾರಗಳಿಗೆ ಕಟ್ಟಿದ, ಕೈಯಲ್ಲಿ ಹಿಡಿಯುವ ಕೋಲೇ ಬಾರ್. ಅದನ್ನು ಹತ್ತಿರ ಎಳೆದಷ್ಟೂ ಗಾಳಿಪಟಕ್ಕೆ ಬಲ ಜಾಸ್ತಿ. ದೂರ ಬಿಟ್ಟರೆ ಬಲ ಇಳಿಯುತ್ತದೆ. ಸೊಂಟಕ್ಕೆ ಕಟ್ಟಿದ ಪಟ್ಟಿ, ಅಂದರೆ ಹಾರ್ನೆಸ್, ಗಾಳಿಪಟವನ್ನು ಹೇಗೂ ಹಿಡಿದುಕೊಂಡಿರುತ್ತದೆ.

ಆದರೆ ಹೆದರಿದಾಗ ಯಾರ ಕೈಯಾದರೂ ಬಿಗಿಯುತ್ತದೆ, ಅಲ್ವಾ? ಇಲ್ಲಿ ಹೆದರಿದಾಗಲೇ ಬಿಡಬೇಕು. ತಲೆಗೆ ಇದು ತಕ್ಷಣ ಅರ್ಥವಾಗುತ್ತದೆ. ಬೆರಳುಗಳಿಗೆ ನಿಧಾನ.

ವಿಯೆಟ್ನಾಮಿನ ಮುಯಿ ನೆಯಲ್ಲಿದ್ದೇನೆ. ನವೆಂಬರಿನಿಂದ ಮಾರ್ಚ್‌ವರೆಗೆ ಇಲ್ಲಿ ಈಶಾನ್ಯ ಗಾಳಿಯ ಕಾಲ. ಬೆಳಗ್ಗೆ ಸಮುದ್ರ ಸುಮ್ನೆ ಇರುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ. ಚಳಿಗಾಲ ಅಂತ ಹೆಸರು ಮಾತ್ರ, ನೀರು ಬೆಚ್ಚಗೆ.

ಸಂಜೆಗೆ ಬೆರಳು ತಾನಾಗಿ ಸಡಿಲವಾದವು. ಎಷ್ಟು ಖುಷಿಯಾಯಿತು ಗೊತ್ತಾ! ನಾಳೆ ಕಾಲಿಗೆ ಬೋರ್ಡ್ ಕೊಡುತ್ತಾರಂತೆ.