ಟೆಡ್ ವಿಲಿಯಮ್ಸ್ ಮ್ಯಾನೇಜರ್ ಆಗಿ ಯಾಕೆ ಗೆಲ್ಲಲಿಲ್ಲ?

ನನಗೆ ಬೇಸ್‌ಬಾಲ್ ಹುಚ್ಚು ಅಂತ ಗೊತ್ತಿರುವವರು ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. ಉತ್ತರವನ್ನೂ ಅವರೇ ತಂದಿರುತ್ತಾರೆ: "ಆಡಲು ಬರುತ್ತಿತ್ತು, ಹೇಳಿಕೊಡಲು ಬರುತ್ತಿರಲಿಲ್ಲ, ಅಲ್ವಾ?"

ಅಲ್ಲ. ಹೇಳಿಕೊಡಲು ಚೆನ್ನಾಗಿಯೇ ಬರುತ್ತಿತ್ತು.

ವಿಲಿಯಮ್ಸ್ ಬಾಸ್ಟನ್ ರೆಡ್ ಸಾಕ್ಸ್ ತಂಡದ ದೊಡ್ಡ ಬ್ಯಾಟರ್. 1941ರಲ್ಲಿ ಅವರ ಬ್ಯಾಟಿಂಗ್ ಸರಾಸರಿ .406, ಅಂದರೆ ಹತ್ತರಲ್ಲಿ ಸುಮಾರು ನಾಲ್ಕು ಸಲ ಹಿಟ್. ಎರಡು ಮೇಜರ್ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗಿನಲ್ಲಿ ಆಮೇಲೆ ಯಾರೂ .400 ಮುಟ್ಟಿಲ್ಲ. 1969ರಲ್ಲಿ ಅವರು ವಾಷಿಂಗ್ಟನ್ ಸೆನೆಟರ್ಸ್ ತಂಡದ ಮ್ಯಾನೇಜರ್ ಆದರು. ಹಿಂದಿನ ವರ್ಷ 65 ಪಂದ್ಯ ಗೆದ್ದಿದ್ದ ತಂಡ ಆ ವರ್ಷ 86 ಗೆದ್ದಿತು. ಫ್ರಾಂಕ್ ಹೊವಾರ್ಡ್ ಅಂತ ಒಬ್ಬ ದೈತ್ಯ ಬ್ಯಾಟರ್ ಇದ್ದ, ಸಿಕ್ಕ ಸಿಕ್ಕ ಚೆಂಡಿಗೆಲ್ಲ ಬ್ಯಾಟ್ ಬೀಸುತ್ತಿದ್ದ. ಕೆಟ್ಟ ಚೆಂಡು ಬಿಡು, ನಿನಗೆ ಬೇಕಾದ್ದು ಬರುವವರೆಗೆ ಕಾಯಿ ಅಂತ ವಿಲಿಯಮ್ಸ್ ಅವನ ಬೆನ್ನು ಹತ್ತಿದರು. ನಾಲ್ಕು ಕೆಟ್ಟ ಚೆಂಡು ಬಿಟ್ಟರೆ ಬ್ಯಾಟರ್‌ಗೆ ಮೊದಲ ಬೇಸ್ ಸುಮ್ನೆ ಸಿಗುತ್ತದೆ, ಅದಕ್ಕೆ ವಾಕ್ ಅನ್ನುತ್ತಾರೆ. ಹೊವಾರ್ಡ್‌ನ ವಾಕ್ ಒಂದೇ ವರ್ಷದಲ್ಲಿ 54ರಿಂದ 102ಕ್ಕೆ ಏರಿತು. ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಕಡಿಮೆಯಾಗಲಿಲ್ಲ, 48 ಹೊಡೆದ. ನನಗೆ ಇದು ಈಗಲೂ ಆಶ್ಚರ್ಯವೇ.

ಹಾಗಾದರೆ ಸೋತದ್ದು ಎಲ್ಲಿ? ಕ್ರಿಕೆಟ್‌ನಲ್ಲಿ ಬೌಲರ್ ಬದಲಿಸುವುದು ಕ್ಯಾಪ್ಟನ್. ಇಲ್ಲಿ ಅದು ಮ್ಯಾನೇಜರ್ ಕೆಲಸ: ಚೆಂಡು ಎಸೆಯುವ ಪಿಚರ್ ಯಾವಾಗ ದಣಿದ, ಯಾರನ್ನು ಇಳಿಸಬೇಕು, ಅದೂ ಒಂದು ಸೀಸನ್‌ಗೆ 162 ಪಂದ್ಯ. ವಿಲಿಯಮ್ಸ್ ಜೀವ ಇದ್ದದ್ದು ಬ್ಯಾಟಿಂಗ್‌ನಲ್ಲಿ. ಪಿಚರ್‌ಗಳನ್ನು ಅವರು ಆಡುವ ಕಾಲದಿಂದಲೂ ಎದುರಾಳಿಗಳಂತೆಯೇ ನೋಡಿದವರು, ಅವರ ಮೇಲೆ ಪ್ರೀತಿ ಹುಟ್ಟಲೇ ಇಲ್ಲ. ಇದು ಅವರದೇ ತಪ್ಪು, ಒಪ್ಪುತ್ತೇನೆ. ಇನ್ನೊಬ್ಬ ಮ್ಯಾನೇಜರ್ ವಾಲ್ಟರ್ ಆಲ್ಸ್ಟನ್ ನೋಡಿ: ಮೇಜರ್ ಲೀಗಿನಲ್ಲಿ ಬ್ಯಾಟ್ ಹಿಡಿದದ್ದು ಒಂದೇ ಸಲ, ಔಟಾದರು. ಮ್ಯಾನೇಜರ್ ಆಗಿ 4 ವರ್ಲ್ಡ್ ಸೀರೀಸ್ (ಸೀಸನ್ ಕೊನೆಯ ಫೈನಲ್) ಗೆದ್ದರು!

ಆದರೆ ಉಳಿದ ತಪ್ಪನ್ನು ಮಾಲೀಕ ಬಾಬ್ ಶಾರ್ಟ್ ಲೆಕ್ಕಕ್ಕೆ ಬರೆಯಬೇಕು. 1970ರ ಕೊನೆಗೆ ಅವರು ಡೆನಿ ಮೆಕ್ಲೇನ್ ಎಂಬ ಹೆಸರಾಂತ ಪಿಚರ್‌ಗಾಗಿ ಜೋ ಕೋಲ್ಮನ್, ಎಡ್ ಬ್ರಿಂಕ್‌ಮನ್, ಔರೇಲಿಯೋ ರೊಡ್ರಿಗಸ್ ಮೂವರನ್ನೂ ಡೆಟ್ರಾಯಿಟ್‌ಗೆ ಕೊಟ್ಟುಬಿಟ್ಟರು. ವಿಲಿಯಮ್ಸ್‌ಗೆ ಇದು ಬೇಕಿರಲಿಲ್ಲ. ಮರುವರ್ಷ ಮೆಕ್ಲೇನ್ 22 ಪಂದ್ಯ ಸೋತ, ಅಲ್ಲಿ ಕೋಲ್ಮನ್ 20 ಗೆದ್ದ.

1972ರಲ್ಲಿ ತಂಡ ಟೆಕ್ಸಸ್‌ಗೆ ಹೋಯಿತು, 100 ಪಂದ್ಯ ಸೋತಿತು. ಸೀಸನ್ ಮುಗಿಯುವ ಮೊದಲೇ ಹೊವಾರ್ಡ್‌ನನ್ನೂ ಡೆಟ್ರಾಯಿಟ್‌ಗೆ ಮಾರಿದ್ದರು. ವಿಲಿಯಮ್ಸ್ ಆ ವರ್ಷವೇ ಕೆಲಸ ಬಿಟ್ಟರು.